ಜಪಾನಿನ ಗಾಜಿಗೆ ಅತ್ತೆಯ ವಿಭೂತಿ

ಜಪಾನಿಗೆ ಹೊರಟ ದಿನ ನನ್ನ ಪರ್ಸಿನಲ್ಲಿ ಪಾಸ್‌ಪೋರ್ಟಿಗಿಂತ ಜೋಪಾನವಾಗಿ ಇದ್ದದ್ದು ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಅಂಗೈಯಷ್ಟೂ ಅಗಲವಿಲ್ಲ, ಒಳಗೆ ಮೂರು ಹಲ್ಲು. ಅದು ನಮ್ಮ ಯಜಮಾನರ ಕ್ಯಾಮೆರಾ ಲೆನ್ಸಿನ ಹಿಂದಿನ ಮುಚ್ಚಳ. ನಮ್ಮ ಕಡೆ ದೂರದ ಊರಿಂದ ಯಾರಿಗಾದರೂ ಬಳೆ ತರಬೇಕಾದರೆ ಅವರ ಹಳೇ ಬಳೆಯೊಂದನ್ನು ಅಳತೆಗೆ ಅಂತ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗುತ್ತಾರೆ. ಅಂಗಡಿಯವನ ಹತ್ತಿರ ಮಾತೇ ಬೇಡ, ಬಳೆಯ ಮೇಲೆ ಬಳೆ ಇಟ್ಟರೆ ಮುಗಿಯಿತು. ಯಜಮಾನರೂ ಅದೇ ಉಪಾಯ ಹೂಡಿದ್ದರು.

“ಇದು ಯಾವ ಲೆನ್ಸಿಗೆ ಕೂರ್ತದೋ ಅದೇ ನಮ್ದು ಕಣಮ್ಮಿ. ಮಾತಾಡಾಕೆ ಓಗ್ಬ್ಯಾಡ. ಇದ್ನ ಮಡಗ್ಬುಟ್ಟು ತಿರುಗ್ಸು. ಟಕ್ ಅಂತ ಕೂತ್ಕತದೆ” ಅಂದಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ಚಾಮರಾಜನಗರ ಆಗಿನ್ನೂ ಮೈಸೂರು ಜಿಲ್ಲೆಯೊಳಗೇ ಇತ್ತು. ನಾನು ಅಲ್ಲಿನ ಸರ್ಕಾರಿ ರೇಷ್ಮೆ ಫಾರಮ್ಮಿನಲ್ಲಿ ಕೆಲಸಕ್ಕಿದ್ದೆ. ಹುಳಕ್ಕೆ ರೋಗ ಬಂದಿದೆಯೇ ಇಲ್ಲವೇ ನೋಡಿ ಹೇಳುವುದು, ರೈತರಿಗೆ ಹುಳದ ಮನೆಯ ಶಿಸ್ತು ಕಲಿಸುವುದು, ಇಷ್ಟು ನನ್ನ ಉದ್ಯೋಗ. ತವರು ಪಕ್ಕದ ಹರದನಹಳ್ಳಿ. ಗಂಡನ ಮನೆ ಗುಂಡ್ಲುಪೇಟೆ. ದಿನಾ ಬೆಳಿಗ್ಗೆ ತೆರಕಣಾಂಬಿ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅರ್ಧ ನಿದ್ದೆಯಲ್ಲಿ ಹೋಗಿ, ಸಂಜೆ ಅರ್ಧ ನಿದ್ದೆಯಲ್ಲೇ ಬರುತ್ತಿದ್ದೆ. ಮೂರು ತಿಂಗಳ ತರಬೇತಿಗೆ ಜಪಾನಿಗೆ ಒಬ್ಬರನ್ನು ಕಳಿಸಬೇಕು ಅಂತ ಆದೇಶ ಬಂದಾಗ ನನಗಿಂತ ಹಿರಿಯರೊಬ್ಬರು ಮಗಳ ಮದುವೆ ಅಂತ ಹಿಂದೆ ಸರಿದರು. ಅದೃಷ್ಟ ನನ್ನ ಮಡಿಲಿಗೆ ಬಿತ್ತು.

ಯಜಮಾನರಿಗೆ ನಾನು ಹೋಗುತ್ತೇನೆ ಅನ್ನುವುದಕ್ಕಿಂತ ನಾನು ಹೋಗುವ ಕಡೆ ಲೆನ್ಸು ಸಿಗುತ್ತದೆ ಅನ್ನುವುದೇ ಸಂತೋಷ. ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮ ಮನೆ. ಅದರ ಮುಂದಿನ ಎರಡು ಕೋಣೆಯೇ ಅವರ ಫೋಟೋ ಸ್ಟುಡಿಯೊ. ಒಳಗೆ ಸರೋವರ, ಹಂಸ, ಕಮಾನು ಇರುವ ಪರದೆ. ಹಂಸದ ಕುತ್ತಿಗೆ ಹರಿದು, ಅದಕ್ಕೆ ಅತ್ತೆ ಹಾಕಿದ ಹೊಲಿಗೆ ಗುಂಡ್ಲುಪೇಟೆ ತಾಲ್ಲೂಕಿನ ಎಷ್ಟೋ ಮದುಮಕ್ಕಳ ಫೋಟೋದಲ್ಲಿ ಈಗಲೂ ಕಾಣುತ್ತದೆ. ಮೈಸೂರಿನಿಂದ ಬೇಗೂರಿನ ಮದುವೆಗೆ ಬಂದಿದ್ದ ಫೋಟೋಗ್ರಾಫರ್ ಒಬ್ಬನ ಹತ್ತಿರ ಯಜಮಾನರು ಒಂದು ಲೆನ್ಸು ನೋಡಿದ್ದರು. ಅದರಲ್ಲಿ ತೆಗೆದರೆ ಮುಖ ಮಾತ್ರ ಕಣ್ಣಿಗೆ ಕಟ್ಟಿದ ಹಾಗೆ ನಿಲ್ಲುತ್ತದಂತೆ, ಹಿಂದಿನದೆಲ್ಲ ಬೆಣ್ಣೆಯಂತೆ ಕರಗಿಹೋಗುತ್ತದಂತೆ. ಅಂದಿನಿಂದ ಊಟದ ಮುಂದೆ ಕೂತರೂ ಅದೇ ಧ್ಯಾನ. ಅನ್ನದ ಮೇಲೆ ಸಾರು ಬಿಟ್ಟಿದ್ದೇನೆ, ಇವರು ಕಣ್ಣು ಮುಚ್ಚಿಕೊಂಡು “ಹಂಸವೂ ಕರಗೋಯ್ತದೆ, ಒಲ್ಗೆನೂ ಕರಗೋಯ್ತದೆ” ಅನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು, ನಗುವೂ ಬರುತ್ತಿತ್ತು. ಹದಿನೈದು ವರ್ಷ ದುಡಿದರೂ ತನಗಾಗಿ ಏನನ್ನೂ ಕೇಳದ ಮನುಷ್ಯ ಕೇಳಿದ್ದು ಇದೊಂದೇ. ಹೇಗಾದರೂ ತಂದೇ ತರಬೇಕು ಅಂತ ನನಗೂ ಇತ್ತು.

ಅತ್ತೆಗೆ ಏನು ತರಲಿ ಅಂತ ಕೇಳಿದೆ. ಅತ್ತೆಗೂ ಸ್ಟುಡಿಯೊದಲ್ಲಿ ಒಂದು ಕೆಲಸವಿತ್ತು. ಪಾಸ್‌ಪೋರ್ಟ್ ಸೈಜಿನ ಫೋಟೋಗಳನ್ನು ಕತ್ತರಿಸುವುದು. ಓದು ಬರಹ ಬಾರದ ಹೆಂಗಸು, ಅಳತೆಪಟ್ಟಿಯಿಲ್ಲದೆ ನಾಲ್ಕೂ ಕಡೆ ಬಿಳಿ ಅಂಚು ಒಂದೇ ಸಮ ಬಿಟ್ಟು ಕತ್ತರಿಸುತ್ತಿದ್ದರು. ಆದರೆ ಆ ವರ್ಷ ಯಾಕೋ ಅಂಚು ಸೊಟ್ಟಗಾಗುತ್ತಿತ್ತು. ಯಜಮಾನರು ಕತ್ತರಿ ಮೊಂಡಾಗಿದೆ ಅಂತ ಬೀದಿಯಲ್ಲಿ ಸಾಣೆ ಹಿಡಿಯುವವನ ಕೈಗೆ ಎರಡು ಸಲ ಕೊಟ್ಟಿದ್ದರು.

“ನಂಗೇನೂ ಬ್ಯಾಡ ಕಣವ್ವ. ಅಲ್ಲಿ ಒಳ್ಳೆ ಕತ್ರಿ ಸಿಕ್ರೆ ಒಂದು ತಕ್ಕೊಂಡ್ ಬಾ” ಅಂದರು ಅತ್ತೆ.

ಆ ಮೂರು ತಿಂಗಳು ನನಗೀಗ ಬೆಳಗಿನ ಜಾವ ಕಂಡ ಕನಸಿನ ಹಾಗೆ ಉಳಿದಿದೆ. ಟೋಕಿಯೊದಿಂದ ರೈಲಿನಲ್ಲಿ ಎರಡು ಗಂಟೆ ದೂರದ ಊರು. ಸುತ್ತ ನೀಲಿ ಬೆಟ್ಟ, ಬೆಟ್ಟದ ಬುಡದವರೆಗೂ ಹಿಪ್ಪುನೇರಳೆ ತೋಟ. ಬೆಳಿಗ್ಗೆ ಎದ್ದರೆ ಕಿಟಕಿಯಾಚೆ ಮಂಜು, ಮಂಜಿನೊಳಗೆ ಸೈಕಲ್ಲಿನ ಗಂಟೆ, ಸೈಕಲ್ ಮಾತ್ರ ಕಾಣುವುದಿಲ್ಲ. ಗೋಪಾಲಸ್ವಾಮಿ ಬೆಟ್ಟದಲ್ಲಿದ್ದೇನೆ ಅಂತ ಎಷ್ಟೋ ಸಲ ಅನ್ನಿಸಿ ಮತ್ತೆ ಮಲಗಿಬಿಡುತ್ತಿದ್ದೆ. ಹುಳದ ಮನೆಗೆ ಹೋದರೆ ಮಾತ್ರ ಎಚ್ಚರ. ಹುಳ ಸೊಪ್ಪು ತಿನ್ನುವ ಸದ್ದು ಅಲ್ಲೂ ಅದೇ ಸರಸರ. ಕಣ್ಣು ಮುಚ್ಚಿದರೆ ಚಾಮರಾಜನಗರ, ತೆರೆದರೆ ಜಪಾನು. ಮನೆ ನೆನಪಾಗಿ ಅಳು ಬಂದಾಗಲೆಲ್ಲ ನಾನು ಅಲ್ಲಿಗೆ ಹೋಗಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ನಮಗೆ ಪಾಠ ಹೇಳುತ್ತಿದ್ದವರು, ಈ ಹೆಂಗಸಿಗೆ ಹುಳದ ಮೇಲೆ ಎಷ್ಟು ಭಕ್ತಿ ಅಂತ ತಿಳಿದಿರಬೇಕು.

ಭಾನುವಾರ ರಜ. ಎರಡು ಭಾನುವಾರ ರೈಲು ಹತ್ತಿ ದೊಡ್ಡ ಊರಿಗೆ ಹೋಗಿ ದೀಪ ಝಗಝಗಿಸುವ ಅಂಗಡಿಗಳನ್ನು ಸುತ್ತಿದೆ. ಅಲ್ಲಿದ್ದದ್ದೆಲ್ಲ ಹೊಸದು, ತಾವೇ ಕಣ್ಣು ತಿರುಗಿಸಿಕೊಳ್ಳುವ ಕ್ಯಾಮೆರಾಗಳು. ನಮ್ಮ ಮುಚ್ಚಳ ಯಾವುದಕ್ಕೂ ಕೂರಲಿಲ್ಲ. ಅಂಗಡಿಯ ಹುಡುಗಿಯರು ಬಗ್ಗಿ ನಮಸ್ಕಾರ ಮಾಡಿ ಕಳಿಸುತ್ತಿದ್ದರು. ನನಗೆ ಬರುತ್ತಿದ್ದ ಜಪಾನಿ ಮಾತು ನಾಲ್ಕೇ: ನಮಸ್ಕಾರ, ಧನ್ಯವಾದ, ನೀರು, ಮಾಂಸ ಬೇಡ. ಇದರಲ್ಲಿ ಯಾವುದನ್ನು ಹೇಳಿ ಲೆನ್ಸು ಕೇಳುವುದು?

ಮೂರನೇ ಭಾನುವಾರ ನಾವಿದ್ದ ಊರಿನಲ್ಲೇ, ರೈಲ್ವೆ ಸ್ಟೇಷನ್ ಹಿಂದಿನ ಓಣಿಯಲ್ಲಿ ದಾರಿ ತಪ್ಪಿ ನಡೆಯುತ್ತಿದ್ದಾಗ ಒಂದು ಅಂಗಡಿ ಕಂಡಿತು. ಬಾಗಿಲಲ್ಲಿ ಕುಂಡದ ಗಿಡ, ಗಾಜಿನ ಹಿಂದೆ ಹಳೇ ಕ್ಯಾಮೆರಾಗಳ ಸಾಲು, ಒಂದೊಂದೂ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದವು. ಒಳಗೆ ಎಪ್ಪತ್ತು ದಾಟಿದ ಮುದುಕರು, ತೋಳಿಗೆ ಕಪ್ಪು ಬಟ್ಟೆಯ ಚೀಲ ಹಾಕಿಕೊಂಡು ಏನನ್ನೋ ಒರೆಸುತ್ತಿದ್ದರು. ನಾನು ನಮಸ್ಕಾರ ಅಂದು ಮುಚ್ಚಳವನ್ನು ಅವರ ಮುಂದಿಟ್ಟೆ. ಅವರು ಅದನ್ನು ಎತ್ತಿ ಹಲ್ಲುಗಳನ್ನು ನೋಡಿದರು. ನನ್ನ ಸೀರೆ ನೋಡಿದರು. ಮತ್ತೆ ಮುಚ್ಚಳ ನೋಡಿದರು. ಆಮೇಲೆ ಬಾಯಿಯಲ್ಲಿದ್ದ ಮೂರು ಬೆಳ್ಳಿ ಹಲ್ಲು ಕಾಣುವಂತೆ ನಕ್ಕರು. ಬಳೆಯ ಉಪಾಯ ಅವರಿಗೆ ಅರ್ಥವಾಗಿತ್ತು!

ಒಳಗಿನಿಂದ ಎಂಟು ಹತ್ತು ಲೆನ್ಸು ತಂದು ಹಸಿರು ಬಟ್ಟೆಯ ಮೇಲೆ ಸಾಲಾಗಿಟ್ಟರು. ಯಜಮಾನರು ಬರೆದುಕೊಟ್ಟಿದ್ದ ಅಂಕಿಯ ಚೀಟಿ ತೋರಿಸಿದೆ. ಅದನ್ನು ನೋಡಿ ಆರನ್ನು ಪಕ್ಕಕ್ಕೆ ಸರಿಸಿದರು. ಉಳಿದವುಗಳಿಗೆ ನಾನೇ ಮುಚ್ಚಳ ಹಿಡಿದು ಒಂದೊಂದಾಗಿ ತಿರುಗಿಸಿದೆ. ಒಂದಕ್ಕೆ ಟಕ್ ಅಂತ ಕೂತಿತು.

ಅಲ್ಲೇ ತೆಗೆದುಕೊಂಡು ಬಂದುಬಿಡಬಹುದಿತ್ತು. ಆದರೆ ನನ್ನ ಉದ್ಯೋಗ ಬಿಡಬೇಕಲ್ಲ. ಯಾವುದನ್ನೂ ಬೆಳಕಿಗೆ ಹಿಡಿದು ನೋಡದೆ ಒಪ್ಪಿಕೊಂಡ ಅಭ್ಯಾಸ ನನಗಿಲ್ಲ. ಬಾಗಿಲಿಗೆ ಹೋಗಿ ಲೆನ್ಸನ್ನು ಆಕಾಶಕ್ಕೆ ಹಿಡಿದೆ. ಗಾಜಿನ ಒಳಗೆ, ಅಂಚಿನ ಹತ್ತಿರ, ಬಿಳಿ ಎಳೆ ಎಳೆಯಾಗಿ ಏನೋ ಹಬ್ಬಿತ್ತು. ನನಗೆ ಅದು ಗೊತ್ತಿದ್ದ ರೋಗವೇ. ಹುಳಕ್ಕೆ ಬೂಷ್ಟು ಹಿಡಿದು, ಸತ್ತು ಸುಣ್ಣದ ಕಡ್ಡಿಯಂತಾಗುವುದನ್ನು ನಾವು ಸುಣ್ಣಕಟ್ಟು ಅನ್ನುತ್ತೇವೆ. ಅದರ ಶುರು ಹೀಗೇ ಇರುತ್ತದೆ. ಬೇಡ ಅಂತ ತಲೆಯಾಡಿಸಿ ಆ ಎಳೆಗಳ ಕಡೆಗೆ ಬೆರಳು ತೋರಿಸಿದೆ. ಮುದುಕರು ಭೂತಗನ್ನಡಿ ಕಣ್ಣಿಗಿಟ್ಟು ಬಹಳ ಹೊತ್ತು ನೋಡಿದರು. ಅವರ ಕಿವಿ ಕೆಂಪಾಯಿತು. ಎದ್ದು ನಿಂತು ಸೊಂಟದವರೆಗೆ ಬಗ್ಗಿ ನನಗೆ ನಮಸ್ಕಾರ ಮಾಡಿದರು. ನಾನೂ ಬಗ್ಗಿದೆ. ಅವರು ಮತ್ತೆ ಬಗ್ಗಿದರು. ಇಬ್ಬರೂ ಬಗ್ಗುತ್ತ ಏಳುತ್ತ ಸ್ವಲ್ಪ ಹೊತ್ತು ಕಳೆಯಿತು.

ಆಮೇಲೆ ಅವರು ಒಳಗಿನ ಬೀರುವಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಇನ್ನೊಂದನ್ನು ತಂದರು. ಮಾರಲು ಇಟ್ಟದ್ದಲ್ಲ ಅಂತ ಅವರು ಬಿಚ್ಚಿದ ರೀತಿಯಲ್ಲೇ ತಿಳಿಯಿತು. ಮುಚ್ಚಳ ಕೂತಿತು. ಬೆಳಕಿಗೆ ಹಿಡಿದೆ, ಒಂದು ಕೂದಲೆಳೆಯಿಲ್ಲ. ವಾರೆಯಾಗಿ ತಿರುಗಿಸಿದರೆ ಗಾಜಿನ ಮೇಲೆ ನೇರಳೆ ಬಣ್ಣದ ಹೊಳಪು ಹರಿದಾಡುತ್ತಿತ್ತು. ತೋಳು ಚಾಚಿ ಹಿಡಿದಾಗ ಆ ಓಣಿಯೆಲ್ಲ ಅದರೊಳಗೆ ತಲೆಕೆಳಗಾಗಿ, ಸಾಸಿವೆಯಷ್ಟು ಸೈಕಲ್ಲು, ಸಾಸಿವೆಯಷ್ಟು ಹೆಂಗಸು, ತುಂಡು ಆಕಾಶ ಕೆಳಗೆ ತೇಲುತ್ತಿತ್ತು. ಎಷ್ಟು ಹೊತ್ತು ನೋಡುತ್ತ ನಿಂತಿದ್ದೆನೋ. ಮುದುಕರು ಟೀ ತಂದಿಟ್ಟು ಅದೂ ಆರಿತ್ತು.

ದುಡ್ಡು ಕೊಟ್ಟು ಹೊರಡುವಾಗ ಅವರು ನನಗೊಂದು ಪಾಠ ಮಾಡಿದರು, ಎಲ್ಲ ಕೈ ಸನ್ನೆಯಲ್ಲೇ. ಬೆರಳನ್ನು ಗಾಜಿನ ಹತ್ತಿರ ತಂದು ಬೇಡ ಬೇಡ ಅಂದರು. ಕೆಂಪು ರಬ್ಬರಿನ ಬುರುಡೆಯೊಂದನ್ನು ಒತ್ತಿ ಪುಸ್ ಪುಸ್ ಅಂತ ಗಾಳಿ ಊದಿ ತೋರಿಸಿದರು. ಆಮೇಲೆ ಮಾತ್ರ ಹಳದಿ ಬಟ್ಟೆ, ಅದೂ ಹಗುರಾಗಿ. ಮೊದಲು ಗಾಳಿ, ಆಮೇಲೆ ಬಟ್ಟೆ. ಪುಡಿ ಕೂತಿರುವಾಗ ಒರೆಸಿದರೆ ಗಾಜು ಸತ್ತಂತೆ ಅಂತ ಕುತ್ತಿಗೆಗೆ ಕೈ ಅಡ್ಡ ಎಳೆದು ತೋರಿಸಿದರು. ಮೂರು ಸಲ ನನ್ನ ಕೈಯಲ್ಲಿ ಮಾಡಿಸಿದರು. ಹುಳದ ಮನೆಗೆ ಕೈ ತೊಳೆಯದೆ ಬರುವ ರೈತರಿಗೆ ನಾನು ಹೇಳಿಕೊಡುವ ಹಾಗೇ. ಬುರುಡೆ, ಬಟ್ಟೆ ಎರಡನ್ನೂ ಹಾಗೇ ಕೊಟ್ಟುಬಿಟ್ಟರು. ಪಕ್ಕದ ಓಣಿಯಲ್ಲಿ ಅತ್ತೆಗೆ ಒಂದು ಕತ್ತರಿ ಕೊಂಡೆ. ಸೋಕಿದರೆ ಕಾಗದ ತಾನೇ ಬಿಟ್ಟುಕೊಳ್ಳುವಷ್ಟು ಹರಿತ.

ಮದ್ರಾಸಿನ ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುವವನು ಲೆನ್ಸಿಗೆ ಕೈ ಹಾಕಿದ. “ಗಾಜು ಮುಟ್ಟಬೇಡಿ!” ಅಂತ ಕನ್ನಡದಲ್ಲೇ ಗದರಿದೆ. ಅವನು ಬಿಸಿ ತಾಗಿದವನ ಹಾಗೆ ಕೈ ತೆಗೆದ. ಸರ್ಕಾರಿ ಟೋಪಿಗೇ ಗದರಿದ ಈ ಮಹಾತಾಯಿ ಮನೆಗೆ ಬಂದು ಯಜಮಾನರಿಗೆ ಬುರುಡೆ, ಬಟ್ಟೆ, ಗಾಳಿ ಎಲ್ಲ ವಿವರಿಸಿದಳು. ಅತ್ತೆಗೆ ಒಂದು ಮಾತೂ ಹೇಳಲಿಲ್ಲ. ಅತ್ತೆಗೂ ಲೆನ್ಸಿಗೂ ಏನು ಸಂಬಂಧ ಅಂದುಕೊಂಡಿದ್ದೆ.

ಯಜಮಾನರು ಲೆನ್ಸನ್ನು ಕ್ಯಾಮೆರಾಕ್ಕೆ ತಿರುಗಿಸಿದಾಗ ಬಂದ ಆ ಟಕ್ ಸದ್ದಿಗೆ ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ನೋಡಿಲ್ಲ ಅನ್ನುವ ಹಾಗೆ ಒಳಗೆ ಹೋದೆ. ಮುಂದಿನ ಹತ್ತು ದಿನ ಮನೆಯಲ್ಲಿ ಹಬ್ಬ. ಹಂಗಳದಿಂದ ನಿಶ್ಚಿತಾರ್ಥದ ಫೋಟೋಗೆ ಬಂದ ಹುಡುಗಿಯ ಮುಖದ ಹಿಂದೆ ಸರೋವರ ಕರಗಿತು, ಹಂಸ ಕರಗಿತು, ಅತ್ತೆಯ ಹೊಲಿಗೆಯೂ ಕರಗಿತು. ಅವಳ ರೆಪ್ಪೆಯ ಕೂದಲು ಎಣಿಸಬಹುದಿತ್ತು. ಅವಳ ತಾಯಿ ಆ ಫೋಟೋ ಹಿಡಿದುಕೊಂಡು, ನನ್ನ ಮಗಳು ಇಷ್ಟು ಚೆನ್ನಾಗಿದ್ದಾಳೆಂದು ಗೊತ್ತೇ ಇರಲಿಲ್ಲ ಅಂದಳು. ಯಜಮಾನರು ನೆಲದ ಮೇಲೆ ನಡೆಯುತ್ತಿರಲಿಲ್ಲ. ಅತ್ತೆ ಹೊಸ ಕತ್ತರಿಯನ್ನು ಮುದ್ದು ಮಾಡುತ್ತ ಕೂತಿರುತ್ತಿದ್ದರು. ಅಂಚು ಮಾತ್ರ ಸೊಟ್ಟಗೇ ಬರುತ್ತಿತ್ತು. ಹೊಸ ಕತ್ತರಿ, ಕೈಗೆ ಒಗ್ಗಿಲ್ಲ ಅಂದರು. ನಾವು ನಂಬಿದೆವು.

ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಆ ಪೂಜೆ ಅತ್ತೆಯದೇ. ಒನಕೆ, ಕುಡುಗೋಲು, ಸೈಕಲ್ಲು, ಲೈಟು ನಿಲ್ಲಿಸುವ ಕಂಬಿ, ಕತ್ತರಿ, ಕೊನೆಗೆ ಮಣೆಯ ಮೇಲೆ ಕ್ಯಾಮೆರಾ. ಎಲ್ಲಕ್ಕೂ ಅವರೇ ವಿಭೂತಿ ಗಟ್ಟಿಯನ್ನು ನೀರಿಗೆ ಅದ್ದಿ, ಮೂರು ಬೆರಳಲ್ಲಿ ಮೂರು ಪಟ್ಟೆ ಎಳೆದು, ನಡುವೆ ಕುಂಕುಮ ಇಡಬೇಕು. ಕ್ಯಾಮೆರಾಕ್ಕೆ ಪಟ್ಟೆ ಎಳೆಯುತ್ತಿದ್ದದ್ದು ಲೆನ್ಸಿನ ಮುಂದಿನ ಕಪ್ಪು ಮುಚ್ಚಳದ ಮೇಲೆ. ಹದಿನೈದು ವರ್ಷದಿಂದ ಹಾಗೇ. ಆ ಸಲ ಪಕ್ಕದ ಟೈಲರ್ ಅಂಗಡಿಯವರು, ಸೈಕಲ್ ಶಾಪಿನವರು ಕಡ್ಲೆಪುರಿಗೆ ಬಂದವರು ಜಪಾನಿನ ಗಾಜು ನೋಡಬೇಕೆಂದರು. ಯಜಮಾನರು ಮುಚ್ಚಳ ತೆಗೆದು ನೇರಳೆ ಹೊಳಪು ತೋರಿಸಿ, ಹಾಕುವುದನ್ನು ಮರೆತು, ಕುಂಬಳಕಾಯಿ ಒಡೆಯಲು ಬಾಗಿಲಿಗೆ ಹೋದರು.

ನಾನು ಕರ್ಪೂರ ಹುಡುಕುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಅತ್ತೆಯ ಮೂರು ಬೆರಳು ಗಾಜಿನ ಮೇಲೆ ಎಡದಿಂದ ಬಲಕ್ಕೆ ಎಳೆದಾಗಿತ್ತು. ನಡುವೆ ಕುಂಕುಮವೂ ಕೂತಿತ್ತು. ಒಂದು ಗಳಿಗೆ ನನಗೆ ಅದು ಚೆಂದವೇ ಕಂಡಿತು, ಕಣ್ಣೊಂದು ಹಣೆಯಾದ ಹಾಗೆ.

“ಅವ್ವಾ! ಏನ್ ಮಾಡ್ಬುಟ್ಟೆ!” ಯಜಮಾನರು ಬಾಗಿಲಿಂದಲೇ ಕೂಗಿದರು. ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅತ್ತೆ ಏನೆಂದು ತಿಳಿಯದೆ, ತಪ್ಪಾಗಿದೆ ಅನ್ನುವುದಷ್ಟೇ ತಿಳಿದು, ಸೆರಗು ಎಳೆದುಕೊಂಡು ಗಸಗಸ ಒರೆಸತೊಡಗಿದರು. ವಿಭೂತಿಯ ಹರಳು, ಜರಿಯಂಚಿನ ಸೆರಗು. ನಾನು ಹೋಗಿ ಕೈ ಹಿಡಿಯುವಷ್ಟರಲ್ಲಿ ನೇರಳೆ ಹೊಳಪು ಹೋಗಿತ್ತು. ಗಾಜಿನ ತುಂಬ ಸಣ್ಣ ಸಣ್ಣ ಗೀರು. ಕೆಂಪು ಬುರುಡೆ ಬೀರುವಿನಲ್ಲಿ ಬೆಚ್ಚಗೆ ಮಲಗಿತ್ತು.

“ಇಷ್ಟು ವರ್ಸ ಸ್ಟುಡಿಯೋದಲ್ಲಿದ್ದೂ ಗಾಜ್ಯಾವ್ದು ಮುಚ್ಳ ಯಾವ್ದು ಅಂತ ಗೊತ್ತಾಗ್ನಿಲ್ವಾ ನಿಂಗೆ?” ಅಂದರು ಯಜಮಾನರು, ಬಂದವರೆಲ್ಲರ ಎದುರಿಗೇ.

ಅತ್ತೆ ಕೈಯಲ್ಲಿದ್ದ ವಿಭೂತಿ ಗಟ್ಟಿಯನ್ನು ತಟ್ಟೆಯಲ್ಲಿಟ್ಟು ಒಳಗೆ ಹೋದರು.

ಮಾರನೇ ದಿನ ಯಜಮಾನರು ನನ್ನನ್ನು ಹಿತ್ತಲಿನ ಹೊಂಗೆ ಮರದ ಕೆಳಗೆ ನಿಲ್ಲಿಸಿ ಎರಡು ಫೋಟೋ ತೆಗೆದರು, ಒಂದು ಹಳೇ ಲೆನ್ಸಿನಲ್ಲಿ, ಒಂದು ಜಪಾನಿನದರಲ್ಲಿ. ಹಳೆಯದರಲ್ಲಿ ಎಲೆ ಎಲೆಯೂ ಸ್ಪಷ್ಟ. ಜಪಾನಿನದರಲ್ಲಿ ಬೆಳಕು ಬಿದ್ದ ಕಡೆಯೆಲ್ಲ ಹಾಲು ಚೆಲ್ಲಿದಂತೆ ಮಂಜು. ನಾನು ಇದ್ದೇನೆ, ಆದರೆ ಯಾರದೋ ನೆನಪಿನಲ್ಲಿ ಇದ್ದಂತೆ ಇದ್ದೇನೆ. ಕಣ್ಣು ಮೂಗು ಇದೆ ಅಂತ ಊಹಿಸಿಕೊಳ್ಳಬೇಕು. ನಿಜ ಹೇಳಬೇಕೆಂದರೆ ಆ ಫೋಟೋ ನನಗೆ ಇಷ್ಟವಾಯಿತು. ಅದನ್ನು ಹೇಳುವ ಹೊತ್ತಲ್ಲ ಅಂತ ಸುಮ್ಮನಿದ್ದೆ. ಪಾಸ್‌ಪೋರ್ಟ್ ಸೈಜಿಗೆ, ಜಾತಕದ ಜೊತೆ ಕಳಿಸುವ ಹುಡುಗಿಯ ಫೋಟೋಗೆ ಮಂಜು ಯಾರಿಗೆ ಬೇಕು? ಯಜಮಾನರು ಲೆನ್ಸನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಬೀರುವಿನ ಮೇಲೆ ಎಸೆದರು.

ಹಂಸ ಮತ್ತೆ ಬಂದು ಎಲ್ಲರ ತಲೆಯ ಹಿಂದೆ ನಿಂತಿತು. ಅದಕ್ಕಿಂತ ಕಷ್ಟವಾದದ್ದು, ಯಜಮಾನರು ತಾಯಿಯ ಜೊತೆ ಮಾತು ಬಿಟ್ಟರು. “ಅವ್ವನ್ಗೆ ಕೇಳು ಕಾಪಿ ಅದಾ ಅಂತ” ಅಂತ ಅತ್ತೆಯ ಎದುರಿಗೇ ನನಗೆ ಹೇಳುವುದು. ಅತ್ತೆ ಲೋಟ ತಂದು ಇವರ ಮುಂದೆ ಇಡುವುದು, ಇವರು ಗೋಡೆ ನೋಡುವುದು. ದೀಪಾವಳಿ ಬಂದರೂ ಅದೇ ಕಥೆ. ಕೋಪದಲ್ಲಿ ಕೊಯ್ದುಕೊಂಡ ಮೂಗು ಆಮೇಲೆ ಬಂದೀತಾ ಅನ್ನುತ್ತಾರಲ್ಲ, ಇವರಿಗೂ ಮಾತು ಶುರು ಮಾಡುವುದು ಹೇಗೆಂದು ತಿಳಿಯದಾಗಿತ್ತು. ನನಗೆ ಇಬ್ಬರ ಮೇಲೂ ಸಿಟ್ಟು, ಎಲ್ಲಕ್ಕಿಂತ ನನ್ನ ಮೇಲೆ. ಜಪಾನಿನಲ್ಲಿ ಮೂರು ಸಲ ಕಲಿತದ್ದನ್ನು ಮನೆಯಲ್ಲಿ ಒಂದು ಸಲ ಹೇಳಿದ್ದರೆ ಆಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ಜಗಲಿಯ ಬಿಸಿಲಲ್ಲಿ ಕೂತು ಫೋಟೋ ಕತ್ತರಿಸುತ್ತಿದ್ದರು. ನನ್ನ ಆ ಎರಡು ಫೋಟೋಗಳೂ ಮೇಜಿನ ಮೇಲೆ ದೂಳು ತಿನ್ನುತ್ತಿದ್ದವು. ಹಳೆಯದನ್ನು ತವರಿಗೆ ಕಳಿಸೋಣ ಅಂತ ಎರಡನ್ನೂ ಅವರ ಮಡಿಲಿಗೆ ಹಾಕಿದೆ.

“ಇದ್ರಲ್ಲಿ ಚೆನ್ನಾಗಿರೋದನ್ನ ಅಂಚು ಕತ್ತರಿಸ್ಕೊಡಿ ಅತ್ತೆ. ಇನ್ನೊಂದು ಒಲೆಗೆ ಹಾಕಿ.”

ಅತ್ತೆ ಎರಡನ್ನೂ ತಿರುಗಿಸಿ ಮುರುಗಿಸಿ, ಹೆಬ್ಬೆರಳಲ್ಲಿ ಅಂಚು ಸವರಿದರು. “ಎರಡೂ ಒಂದೇ ತರ ಅವೆ ಕಣವ್ವ. ಯಾವ್ದಾದ್ರೇನು?”

ನಾನು ನಗುವುದರಲ್ಲಿದ್ದೆ. ಆದರೆ ಅವರ ಹೆಬ್ಬೆರಳು ಮತ್ತೆ ಅಂಚು ಹುಡುಕುತ್ತ ಹೋದದ್ದನ್ನು ನೋಡಿ ನಗು ಅಲ್ಲೇ ನಿಂತಿತು. ಪಕ್ಕದಲ್ಲಿ ಕೂತೆ. “ನಾನು ಯಾವುದರಲ್ಲಿ ನಗ್ತಾ ಇದೀನಿ ಅತ್ತೆ?”

ಅತ್ತೆ ಎರಡನ್ನೂ ಕಣ್ಣಿನ ಹತ್ತಿರ ತಂದು, “ಎರಡ್ರಲ್ಲೂವೆ” ಅಂದರು.

ನಾನು ಯಾವುದರಲ್ಲೂ ನಕ್ಕಿರಲಿಲ್ಲ. ಅವತ್ತು ಸಿಟ್ಟಿನಿಂದ ಮುಖ ಊದಿಸಿಕೊಂಡು ನಿಂತಿದ್ದೆ. ಅವರ ಗಲ್ಲ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿದೆ. ಎರಡು ಕಣ್ಣಿನ ಪಾಪೆಯ ಮೇಲೂ ಬೂದು ಬಣ್ಣದ ಪೊರೆ. ಹುಳದ ಮೈಮೇಲಿನ ಚುಕ್ಕೆ ಹುಡುಕಿ ಸಂಬಳ ತಿನ್ನುವವಳು ನಾನು, ಜಪಾನಿನ ಗಾಜಿನೊಳಗಿನ ಬೂಷ್ಟು ಕಂಡುಹಿಡಿದವಳು. ದಿನಾ ನನಗೆ ಬುತ್ತಿ ಕಟ್ಟಿಕೊಡುವವರ ಕಣ್ಣನ್ನು ಒಂದು ದಿನವೂ ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

“ಎಷ್ಟು ದಿನದಿಂದ ಅತ್ತೆ?”

“ವರ್ಸದ ಮೇಲಾಯ್ತು ಕಣವ್ವ. ಮೊದ್ಲು ಒಗೆ ತರ ಇತ್ತು. ಈಗ ಅಂಗೇ ಬೆಳ್ಳಗೆ.” ಆಮೇಲೆ ನನ್ನ ಕೈ ಹಿಡಿದುಕೊಂಡರು. “ನನ್ ಮಗನ್ಗೆ ಏಳ್ಬ್ಯಾಡ. ಕಣ್ ಕಾಣ್ದವ್ಳಿಗೆ ಪೋಟೋ ಮನೇಲಿ ಏನ್ ಕೆಲ್ಸ ಅಂತ ಕತ್ರಿ ಕಿತ್ಕಬುಟ್ರೆ, ನಾನು ಮೂಲೇಲಿ ಕೂತ್ಕಂಡು ಏನ್ ಮಾಡ್ಲಿ?”

“ಹಂಗಾದ್ರೆ ಅವತ್ತು ಪೂಜೇಲಿ?”

“ಮುಚ್ಳ ಆಕದೆ ಅನ್ಕಂಡೆ ಕಣವ್ವ. ಕಪ್ಗಿತ್ತು. ಗಾಜು ಮುಟ್ಬಾರ್ದು ಅಂತ ನಂಗೊತ್ತಿಲ್ವಾ? ಅವ್ನು ಸಣ್ಣವ್ನಾಗಿದ್ದಾಗ ಅವ್ರಪ್ಪನ ಕ್ಯಾಮ್ರಾ ಗಾಜಿಗೆ ಕೈ ಆಕಿದ್ಕೆ ನಾನೇ ಒಂದು ಕೊಟ್ಟಿದ್ದೆ.”

ಅಂದರೆ ಊರವರ ಮುಂದೆ ಮಗ ಬೈದಾಗಲೂ ಅವರು ಬಾಯಿ ಬಿಟ್ಟಿರಲಿಲ್ಲ. ಏನೂ ತಿಳಿಯದ ಪೆದ್ದಿ ಅನ್ನಿಸಿಕೊಂಡರೂ ಸರಿ, ಕುರುಡಿ ಅನ್ನಿಸಿಕೊಳ್ಳಲಾರೆ ಅಂತ ನುಂಗಿಕೊಂಡಿದ್ದರು. ನನಗೆ ಅಳು ಬಂತು. ಅವರೇ ನನ್ನ ಕಣ್ಣು ಒರೆಸಿದರು, ಅದೇ ಸೆರಗಿನಿಂದ.

ಹೇಳಬೇಡ ಅಂದರೂ ಹೇಳಿದೆ. ಇಂಥ ಗುಟ್ಟು ಇಟ್ಟುಕೊಳ್ಳುವ ಹೊಟ್ಟೆ ನನ್ನದಲ್ಲ. ಯಜಮಾನರು ಸ್ಟುಡಿಯೊದಲ್ಲಿ ಬಲ್ಬು ಬದಲಾಯಿಸುತ್ತಿದ್ದರು. ಕೇಳಿ ಸ್ಟೂಲಿನಿಂದ ಇಳಿದರು. ಬೀರುವಿನ ಮೇಲಿಂದ ಬಿಸ್ಕತ್ತಿನ ಡಬ್ಬಿ ತೆಗೆದರು. ಲೆನ್ಸನ್ನು ಕ್ಯಾಮೆರಾಕ್ಕೆ ಕೂರಿಸಿ, ಬಾಗಿಲಿಗೆ ಹೋಗಿ, ಕಣ್ಣಿಗಿಟ್ಟುಕೊಂಡು ಬೀದಿ ನೋಡತೊಡಗಿದರು. ಬಸ್ ಸ್ಟ್ಯಾಂಡು, ಬತ್ತೇರಿ ಕಡೆ ಹೊರಟ ಬಸ್ಸು, ಬಾಳೆಗೊನೆ ಇಳಿಸುತ್ತಿದ್ದವರು, ಹೂವಿನವಳು, ಎಲ್ಲವೂ ಎದುರು ಬಿಸಿಲಿನಲ್ಲಿತ್ತು. ಅವರು ಬಟನ್ ಒತ್ತಲಿಲ್ಲ. ಬಸ್ಸು ಹೋಗಿ, ಅದರ ದೂಳು ಕೂತರೂ ನೋಡುತ್ತಲೇ ಇದ್ದರು.

“ಅವ್ವನ್ಗೆ ಊರೆಲ್ಲ ಇಂಗೇ ಕಾಣ್ತಿತ್ತಾ?” ಅಂದರು, ಕ್ಯಾಮೆರಾ ಇಳಿಸದೆ.

ಸ್ವಲ್ಪ ಹೊತ್ತಿನ ಮೇಲೆ ಅವರು ಜಗಲಿಗೆ ಹೋಗಿ ತಾಯಿಯ ಪಕ್ಕ ಕೂತರು. ಒಂದೂವರೆ ತಿಂಗಳ ಮೇಲೆ ಆಡಿದ ಮೊದಲ ಮಾತು, “ಕಾಪಿ ಕುಡುದ್ಯಾ ಅವ್ವ?” ಅತ್ತೆ ಹೂಂ ಅಂದರು. ಕುಡಿದಿರಲಿಲ್ಲ ಅಂತ ನನಗೆ ಗೊತ್ತಿತ್ತು. ಎದ್ದು ಹೋಗಿ ಇಬ್ಬರಿಗೂ ಕಾಯಿಸಿದೆ.

ಚಾಮರಾಜನಗರದಲ್ಲಿ ಕಣ್ಣಿನ ಶಿಬಿರ ನಡೆದಾಗ ಅತ್ತೆಯನ್ನು ಕರೆದುಕೊಂಡು ಹೋದೆವು. ಬೇಡವೇ ಬೇಡ ಅಂತ ಕಿಟಕಿ ಸರಳು ಹಿಡಿದುಕೊಂಡಿದ್ದರು. ಕತ್ತರಿ ಕಿತ್ತುಕೊಳ್ಳುವುದಿಲ್ಲ ಅಂತ ಮಗ ಆಣೆ ಇಟ್ಟ ಮೇಲೆ ಬಿಟ್ಟರು. ಒಂದು ಕಣ್ಣಿಗೆ ಆಪರೇಷನ್. ಪಟ್ಟಿ ಬಿಚ್ಚಿ, ಕೆಲವು ವಾರಗಳ ಮೇಲೆ ಸೋಡಾ ಬಾಟಲಿಯ ತಳದಂಥ ಕನ್ನಡಕ ಕೊಟ್ಟರು. ಹಿಂತಿರುಗುವ ಬಸ್ಸಿನಲ್ಲಿ ನನ್ನ ಕಿಟಕಿಯ ಜಾಗ ಬಿಟ್ಟುಕೊಟ್ಟೆ. ದಾರಿಯುದ್ದಕ್ಕೂ ಅದು ಅರಿಶಿನದ ಹೊಲ, ಅದು ಸೂರ್ಯಕಾಂತಿ, ಅವಳ್ಯಾಕೆ ಆ ಬಿಸಿಲಲ್ಲಿ ಮಗು ಎತ್ಕೊಂಡು ನಿಂತವ್ಳೆ ಅಂತ ಬಸ್ಸಿಗೆಲ್ಲ ಕೇಳುವಂತೆ ಹೇಳುತ್ತ ಬಂದರು. ತೆರಕಣಾಂಬಿ ಹತ್ತಿರ ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದರು. “ಜಪಾನಿಗೋಗಿ ಇಷ್ಟು ಕಪ್ಗಾಗ್ಬುಟ್ಯಲ್ಲ ಕಣಮ್ಮಿ!” ಅಂದರು.

ಮನೆಗೆ ಬಂದವರು ಕೈಕಾಲು ತೊಳೆದು ಮೊದಲು ಕೇಳಿದ್ದು ಅದನ್ನೇ. “ಎಲ್ಲಿ, ಆ ಜಪಾನಿನ ಗಾಜು ತತ್ತಾ.”

ಯಜಮಾನರು ಆಮೇಲೆ ನೋಡುವೆಯಂತೆ ಅಂದರು. ಅತ್ತೆ ಕೈ ಚಾಚಿಯೇ ನಿಂತಿದ್ದರು. ಡಬ್ಬಿಯಿಂದ ತೆಗೆದು ಕೊಡಲೇಬೇಕಾಯಿತು. ಅತ್ತೆ ಬಾಗಿಲಿಗೆ ಹೋಗಿ ಅದನ್ನು ಆಕಾಶಕ್ಕೆ ಹಿಡಿದರು. ಯಾರೂ ಹೇಳಿಕೊಟ್ಟಿರಲಿಲ್ಲ, ನಾನು ಆ ಓಣಿಯಲ್ಲಿ ಹಿಡಿದ ಹಾಗೇ ಹಿಡಿದರು. ಗಾಜಿನ ಮೇಲಿನ ಗೀರುಗಳೆಲ್ಲ ಬೆಳಕಿಗೆ ಎದ್ದು ನಿಂತವು.

“ಇದು ನಾನು ವರ್ಸಿದ್ದಾ ಕಣಪ್ಪ?” ಅವರ ದನಿ ಸಣ್ಣಗಾಗಿತ್ತು.

“ಇಲ್ಲ ಕಣವ್ವ” ಅಂದರು ಯಜಮಾನರು, ತಡ ಮಾಡದೆ. “ನಿನ್ ಇಬೂತಿ ಅವತ್ತೇ ನೀರಾಕಿ ತೊಳ್ದ್ಬುಟ್ಟೆ, ಓಯ್ತು. ಗೀರು ತರುವಾಗ್ಲೇ ಇತ್ತು. ಇವ್ಳು ಸರ್ಯಾಗಿ ನೋಡ್ದೆ ತಂದವ್ಳೆ. ಅದ ಆಮೇಲೆ ನೋಡ್ದೆ ನಾನು.”

ನನಗೆ ರಕ್ತ ತಲೆಗೇರಿತು. ಒಂದು ಕೂದಲೆಳೆ ಇರಲಿಲ್ಲ ಅದರಲ್ಲಿ! ಅಂಗಡಿಯ ಮುದುಕರು ಸೊಂಟದವರೆಗೆ ಬಗ್ಗಿದ್ದು ನನ್ನ ಕಣ್ಣಿಗೆ. ಬಾಯಿ ತೆರೆದೆ. ಅತ್ತೆ ಆ ದಪ್ಪ ಕನ್ನಡಕದಲ್ಲಿ, ಎಷ್ಟೋ ದೊಡ್ಡದಾಗಿ ಕಾಣುತ್ತಿದ್ದ ಒಂದು ಕಣ್ಣಿನಲ್ಲಿ ನನ್ನನ್ನೇ ನೋಡುತ್ತಿದ್ದರು.

“ಹೌದು ಅತ್ತೆ” ಅಂದೆ. “ನಾನೇ ನೋಡಿ ತರಲಿಲ್ಲ.”

ಅತ್ತೆ ಲೆನ್ಸನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. “ಓಗ್ಲಿ ಬುಡು ಕಣಮ್ಮಿ. ಅಷ್ಟು ದೂರ ಒಬ್ಳೇ ಓಗಿದ್ದೆ. ಕಣ್ಣು ಮಂಜಾಗಿರ್ತದೆ.”

ನಾನು ಜಪಾನಿಗೆ ಒಯ್ದಿದ್ದ ಆ ಹಳೇ ಮುಚ್ಚಳ ತಂದು ಲೆನ್ಸಿಗೆ ಇಟ್ಟು ತಿರುಗಿಸಿದೆ. ಟಕ್ ಅಂತ ಕೂತಿತು.